ಫಾರ್ಮ್ಯಾಟ್ ಹೊಡೆದರೆ ವಾಸಿಯಾಗುವ ಕಾಯಿಲೆಯಲ್ಲ

ಕೆಲಸದ ನಡುವೆ ಕಂಪ್ಯೂಟರ್ ದಿಢೀರ್ ಆಫ್ ಆಗುತ್ತೆ ಅಂತ ಯಾರಿಗೆ ಹೇಳಿದರೂ ಬರುವ ಮೊದಲ ಮಾತು, "ಒಂದ್ಸಲ ಫಾರ್ಮ್ಯಾಟ್ ಹೊಡೆದುಬಿಡಿ ಸಾರ್." ಅಂದರೆ ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದು. ನಾನು ಹೊಡೆಯಲಿಲ್ಲ. ವಿಂಡೋಸ್ ಕೆಟ್ಟು ನಿಂತಾಗ ಬರುವ ನೀಲಿ ಪರದೆಯೂ ಬಾರದೆ, ಮೇನ್ ಸ್ವಿಚ್ ಎಳೆದಂತೆ ಆಫ್ ಆದರೆ ಅದರಲ್ಲಿ ವಿಂಡೋಸ್‌ ಪಾಲು ಇರುವುದು ಅಪರೂಪ.

ಮಂಡ್ಯದ ಹತ್ತಿರದ ಹಳ್ಳಿಯಲ್ಲಿ ನನ್ನದು ಜೆರಾಕ್ಸ್ ಅಂಗಡಿ. ಪಹಣಿ, ಅರ್ಜಿ, ನುಡಿಯಲ್ಲಿ ಟೈಪಿಂಗ್, ಪಾಸ್‌ಪೋರ್ಟ್ ಫೋಟೊ, ಎಲ್ಲಕ್ಕೂ ಒಂದೇ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್. ಯಾವುದೋ ಆಫೀಸು ಬಳಸಿ ಬಿಟ್ಟದ್ದು. 2011ರ ಐ5-2400 ಪ್ರೊಸೆಸರ್. ಅರ್ಧ ತುಂಬಿದ ಅರ್ಜಿ ಮಾಯವಾದರೆ ಎದುರಿಗೆ ಕೂತ ರೈತರಿಗೆ ಏನಂತ ಹೇಳುವುದು?

ವಿಂಡೋಸ್ ತನ್ನ ತಪ್ಪುಗಳನ್ನು ಬರೆದಿಡುವ ಈವೆಂಟ್ ವ್ಯೂವರ್ ತೆರೆದರೆ ಕರ್ನಲ್-ಪವರ್ 41 ಅಂತ ಕೆಂಪು ಗುರುತಿನ ಸಾಲು. ಅದನ್ನು ನೋಡಿ ಡ್ರೈವರ್ ಹುಡುಕಲು ಹೊರಡುವವರೇ ಜಾಸ್ತಿ. ಅದು ಹೇಳುವುದು ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಿಲ್ಲ ಅನ್ನುವುದನ್ನಷ್ಟೇ, ಕಾರಣ ಹೇಳಲ್ಲ. ಆದರೆ ಒಳಗಿನ ವಿವರದಲ್ಲಿ ಬಗ್‌ಚೆಕ್‌ಕೋಡ್ ಮುಂದೆ 0 ಇದ್ದರೆ ನೀಲಿ ಪರದೆ ದಾಖಲಾಗಿಲ್ಲ ಎಂದರ್ಥ. ಬಿಸಿ ಅಥವಾ ಕರೆಂಟು, ಎರಡರ ಮೇಲೂ ಅನುಮಾನ ಪಡಬಹುದು. ನನ್ನದರಲ್ಲಿ 0 ಇತ್ತು.

ಮೊದಲು ಕರೆಂಟು. ಯುಪಿಎಸ್ ಬಿಡಿಸಿ ನೇರ ಗೋಡೆಯ ಪ್ಲಗ್ಗಿಗೆ ಹಾಕಿದೆ. ಆಗಲೂ ಆಫ್ ಆಯಿತು, ಅಂದರೆ ತಪ್ಪು ಯುಪಿಎಸ್‌ದಲ್ಲ.

ಆಮೇಲೆ ಬಿಸಿ. ಬೆಳಿಗ್ಗೆ ಚೆನ್ನಾಗಿದ್ದು, ಮಧ್ಯಾಹ್ನ ಗಿರಾಕಿ ಹೆಚ್ಚಾದ ಮೇಲೆ ಬೀಳುತ್ತಿತ್ತು. ಒಳಗಿನ ಬಿಸಿ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಅನ್ನೋ ಸಾಫ್ಟ್‌ವೇರಿನಲ್ಲಿ ನೋಡಿದರೆ ಪ್ರೊಸೆಸರ್ 90 ಡಿಗ್ರಿ ದಾಟಿತ್ತು. ನೂರರ ಆಸುಪಾಸಿಗೆ ಬಂದರೆ ಅದು ತಾನೇ ವೇಗ ತಗ್ಗಿಸಿಕೊಳ್ಳುತ್ತೆ. ಅದಕ್ಕೂ ಮೀರಿ ಏರಿದರೆ ಸುಟ್ಟುಹೋಗದಿರಲೆಂದು ಕಂಪ್ಯೂಟರೇ ಆಫ್ ಆಗುತ್ತೆ. ಕ್ಯಾಬಿನೆಟ್ ಬಿಚ್ಚಿದೆ. ನಮ್ಮ ಅಂಗಡಿ ಹಿಂದೆಯೇ ಆಲೆಮನೆ. ಕಬ್ಬಿನ ಸಿಪ್ಪೆ ಉರಿದ ಮಸಿ ಧೂಳಿನ ಜೊತೆ ಸೇರಿ ಪ್ರೊಸೆಸರ್ ಮೇಲೆ ಕೂತು ಬಿಸಿ ಎಳೆಯುವ ಹೀಟ್ ಸಿಂಕಿನ ರೆಕ್ಕೆಗಳ ನಡುವೆ ಕಂಬಳಿಯ ಹಾಗೆ ಕೂತಿತ್ತು. ಫ್ಯಾನೇನೋ ತಿರುಗುತ್ತಿತ್ತು, ಗಾಳಿ ಮಾತ್ರ ಒಳಗಿಳಿಯುತ್ತಿರಲಿಲ್ಲ. ಸಾಲದ್ದಕ್ಕೆ ಹೀಟ್ ಸಿಂಕೂ ಫ್ಯಾನೂ ಸೇರಿದ ಕೂಲರಿನ ನಾಲ್ಕು ಪಿನ್ನುಗಳಲ್ಲಿ ಒಂದು ಬೋರ್ಡಿಗೆ ಕಚ್ಚಿರಲೇ ಇಲ್ಲ. ಒಣಗಿ ಸುಣ್ಣದ ಚಕ್ಕೆಯಾಗಿದ್ದ ಹಳೇ ಪೇಸ್ಟ್ ಒರೆಸಿ, ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸುವ ಥರ್ಮಲ್ ಪೇಸ್ಟ್ ಹೊಸದಾಗಿ ಕಡಲೆಕಾಳಿನಷ್ಟು ಇಟ್ಟು, ಪಿನ್ನುಗಳನ್ನು ಎದುರುಬದುರು ಜೋಡಿಯಾಗಿ ಟಕ್ ಅನ್ನುವವರೆಗೆ ಒತ್ತಿದೆ. 65ಕ್ಕೆ ಇಳಿಯಿತು.

ಆದರೂ ಬಿತ್ತು. ಈ ಸಲ ಬಿದ್ದದ್ದು ಬೆಳಿಗ್ಗೆ, ತಣ್ಣಗಿದ್ದಾಗ, ಫೋಟೊಶಾಪ್‌ನಲ್ಲಿ ದೊಡ್ಡ ಫೈಲ್ ತೆರೆದ ಕೂಡಲೇ. ಬಿಸಿಗಾದರೆ ಏರಲು ಹೊತ್ತು ಬೇಕು. ಲೋಡ್ ಬಿದ್ದ ಕ್ಷಣಕ್ಕೇ ಸತ್ತರೆ, ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟಿಗೆ ಇಳಿಸಿ ಕೊಡುವ ಡಬ್ಬಿ, ಅಂದರೆ ಎಸ್‌ಎಂಪಿಎಸ್ ನೋಡಬೇಕು.

ಅದರಿಂದ ಹೊರಟು ಖಾಲಿ ಬಿದ್ದಿದ್ದ ನಾಲ್ಕು ಪಿನ್ನಿನ ಕನೆಕ್ಟರಿನಲ್ಲಿ ಹಳದಿ ವೈರಿಗೂ ಕಪ್ಪು ವೈರಿಗೂ ಮಲ್ಟಿಮೀಟರ್ ಇಟ್ಟೆ. 12 ವೋಲ್ಟ್ ಬರಬೇಕು, 5% ಆಚೀಚೆ ನಡೆಯುತ್ತೆ, ಅಂದರೆ 11.4ಕ್ಕಿಂತ ಕೆಳಗೆ ಇಳಿಯಬಾರದು. ಸುಮ್ಮನಿದ್ದಾಗ 11.8 ಇದ್ದದ್ದು ಲೋಡ್ ಕೊಟ್ಟಾಗ 11.2. ಟಾರ್ಚ್ ಬಿಟ್ಟು ಎಸ್‌ಎಂಪಿಎಸ್ ಜಾಲರಿಯಿಂದ ಇಣುಕಿದರೆ, ಕರೆಂಟನ್ನು ಹಿಡಿದಿಟ್ಟುಕೊಳ್ಳುವ ಎರಡು ಕೆಪಾಸಿಟರುಗಳ ತಲೆ ಉಬ್ಬಿ ಕಂದು ಅಂಟು ಸೋರಿತ್ತು. ಡಬ್ಬಿ ಬಿಚ್ಚಲು ಹೋಗಲಿಲ್ಲ, ನೀವೂ ಬಿಚ್ಚಬೇಡಿ: 230 ವೋಲ್ಟ್ ಎಸಿ ಅಲ್ಲಿ ಸುಮಾರು 325 ವೋಲ್ಟ್ ಡಿಸಿ ಆಗುತ್ತೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು.

ದುಡ್ಡು ಹಾಕುವ ಮುಂಚೆ ಖಾತ್ರಿಯಾಗಲಿ ಅಂತ ಅಕ್ಕನ ಮಗನ ಕಂಪ್ಯೂಟರಿನ ಎಸ್‌ಎಂಪಿಎಸ್ ತಂದು ಜೋಡಿಸಿದೆ. "ಸಂಜೆಗೆ ವಾಪಸ್ ಕೊಟ್ಬುಡು ಮಾವ, ಗೇಮ್ ಆಡ್ಬೇಕು" ಅಂದ. ಸಂಜೆಯವರೆಗೆ ಒಮ್ಮೆಯೂ ಬೀಳಲಿಲ್ಲ. ಹೊಸದು ತರುವಾಗ ಹಳೆಯದನ್ನೂ ಅಂಗಡಿಗೆ ಒಯ್ದಿದ್ದೆ. ಆಫೀಸು ಡೆಸ್ಕ್‌ಟಾಪ್‌ಗಳಲ್ಲಿ ಕೆಲವಕ್ಕೆ ಪಿನ್ನೂ ಅಳತೆಯೂ ಬೇರೆ ಇರುತ್ತೆ.

ಈಗ ಆಲೆಮನೆ ನಡೆಯುವಷ್ಟು ದಿನವೂ ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯುತ್ತೇನೆ. ಆಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ತಡೆದಿಟ್ಟುಕೊಳ್ಳಿ, ಗಾಳಿಗೆ ಭರ್ರನೆ ತಿರುಗಿದರೆ ಬೇರಿಂಗ್ ಹಾಳಾಗುತ್ತೆ. ಅಂದಹಾಗೆ, ಕಂಪ್ಯೂಟರಿನ ಯುಪಿಎಸ್‌ಗೆ ಲೇಸರ್ ಪ್ರಿಂಟರನ್ನು ಮಾತ್ರ ಹಾಕಬೇಡಿ. ಅದು ಬಿಸಿಯಾಗುವಾಗ ಎಳೆಯುವ ಕರೆಂಟನ್ನು 600 ವಿಎ ಸಾಮರ್ಥ್ಯದ ಚಿಕ್ಕ ಯುಪಿಎಸ್ ತಡೆಯಲ್ಲ.