ಗಾಜು ತೊಳೆಯುವ ದೋಟಿ: 45 ಅಡಿಗೆ ಬಂದು ನಿಂತ ನನ್ನ ಅನುಭವ

ನೆಲದ ಮೇಲೆ ನಿಂತೇ, ಒಂದರೊಳಗೊಂದು ಸರಿಯುವ ತುಂಡುಗಳ ಉದ್ದನೆಯ ಪೋಲ್ ಎತ್ತಿ, ಅದರ ತುದಿಯ ಬ್ರಷ್‌ನಿಂದ ಕಟ್ಟಡಗಳ ಗಾಜು ತೊಳೆಯುವುದು ನನ್ನ ಕೆಲಸ. ಲವಣ ತೆಗೆದ ಶುದ್ಧ ನೀರು ಬಳಸುವುದರಿಂದ ಒರೆಸದಿದ್ದರೂ ಒಣಗಿದಾಗ ಕಲೆ ಉಳಿಯುವುದಿಲ್ಲ. ಬೆಂಗಳೂರಿನ ಹೊರವರ್ತುಲ ರಸ್ತೆಯ ಕಚೇರಿ ಕಟ್ಟಡವೊಂದರ ಉಸ್ತುವಾರಿಯವರು ಕಳೆದ ತಿಂಗಳು ಮೂರನೇ ವರ್ಷಕ್ಕೂ ಗುತ್ತಿಗೆಯನ್ನು ನನಗೇ ಕೊಟ್ಟರು. 2022ರಲ್ಲಿ ಇದೇ ಮಹಾನುಭಾವರು, “ನೀರು ಬಿಟ್ಟು, ಬ್ರಷ್ ಆಡಿಸಿ, ಒರೆಸದೇ ಹೋಗುತ್ತೀರಾ? ನಾನು ನನ್ನ ಕಾರನ್ನೂ ಹಾಗೆ ತೊಳೆಯುವುದಿಲ್ಲ ಸ್ವಾಮಿ” ಎಂದು ನಕ್ಕು ಕಳುಹಿಸಿದ್ದರು. ಹಗ್ಗದಲ್ಲಿ ನೇತಾಡಿ ಗಾಜು ಒರೆಸುವ ಹಳೆಯ ಜೊತೆಗಾರರು ನನಗೆ ‘ದೋಟಿ ಸಾಹುಕಾರ’ ಎಂದು ಹೆಸರಿಟ್ಟರು. ಈಗ ಅವರಲ್ಲೇ ಇಬ್ಬರು ಯಾವ ಪೋಲ್ ಕೊಳ್ಳಬೇಕೆಂದು ಫೋನ್ ಮಾಡುತ್ತಿದ್ದಾರೆ. ಪ್ರತಿಯೊಬ್ಬರಿಗೂ ಅರ್ಧ ಗಂಟೆ ಹೇಳುವ ಬದಲು ಒಮ್ಮೆ ಬರೆದಿಡುತ್ತೇನೆ. ಸ್ಕ್ವೀಜಿ (ನೀರು ಎಳೆಯುವ ರಬ್ಬರ್ ಪಟ್ಟಿ) ಹಿಡಿಯುವುದು, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಪ್ರಮಾಣ) ಮೀಟರ್ ಓದುವುದು, ಆ ಲವಣ ಹೀರುವ ರೆಸಿನ್ ಹರಳು ತುಂಬುವುದು ನಿಮಗೆ ಗೊತ್ತಿದೆ ಎಂದೇ ಅಂದುಕೊಂಡಿದ್ದೇನೆ.

ದೋಟಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ನಮ್ಮದು ಶಿರಸಿ ಕಡೆಯ ಅಡಿಕೆ ತೋಟ. ಮರ ಹತ್ತುವ ಕೊನೆಗಾರರು ಸಿಗುವುದು ಕಷ್ಟವಾದಾಗ ಊರಲ್ಲಿ ಒಬ್ಬೊಬ್ಬರಾಗಿ ಕಾರ್ಬನ್ ಫೈಬರ್ ದೋಟಿ ತಂದರು. ನೆಲದ ಮೇಲೆ ನಿಂತೇ ಅಡಿಕೆ ಗೊನೆ ಕೊಯ್ಯುವುದು, ಕೊಳೆ ರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಸಿಂಪಡಿಸುವುದು ಎರಡೂ ಅದರಲ್ಲೇ. 2021ರ ಮಳೆಗಾಲದಲ್ಲಿ ಊರಿಗೆ ಹೋಗಿದ್ದಾಗ ಅಣ್ಣ ಅಂಗಳದಲ್ಲಿ ನಿಂತು 60 ಅಡಿ ಎತ್ತರದ ಮರದ ತುದಿಗೆ ದ್ರಾವಣ ಹೊಡೆಯುತ್ತಿದ್ದ. ನಾನು ಎಂಟು ವರ್ಷ ಹಗ್ಗದಲ್ಲಿ ನೇತಾಡಿ ಗಾಜು ಒರೆಸಿದವನು. ಅವನು ಕತ್ತು ಎತ್ತಿ ಮರ ನೋಡುತ್ತಿದ್ದ, ನಾನು ಬಾಯಿ ತೆರೆದು ದೋಟಿ ನೋಡುತ್ತಿದ್ದೆ.

ಹೊರದೇಶಗಳಲ್ಲಿ ಗಾಜಿಗೆಂದೇ ನೀರು ಹರಿಯುವ ಪೋಲ್‌ಗಳಿವೆ ಎಂಬುದು ಗೊತ್ತಿಲ್ಲದಿರಲಿಲ್ಲ. ಬ್ರಿಟನ್ನಿನಲ್ಲಿ 2005ರ ಎತ್ತರದ ಕೆಲಸದ ನಿಯಮಗಳು ಬಂದ ಮೇಲೆ ಏಣಿ ಬಿಟ್ಟು ಪೋಲ್ ಹಿಡಿದವರು ಬಹಳ. ಆದರೆ ಅಲ್ಲಿಂದ ತರಿಸಿದರೆ ಸುಂಕ, ಸಾಗಣೆ ಎಲ್ಲ ಸೇರಿ ಎರಡು ಲಕ್ಷದ ಮಾತು. ನನ್ನ ಬಳಿ ಆಗ ಇದ್ದದ್ದು 80 ಸಾವಿರ, ಅದರಲ್ಲೂ ಅರ್ಧ ಸೊಸೈಟಿ ಸಾಲ.

ಹಾಗಾಗಿ ಮೊದಲು ಕೊಂಡದ್ದು 40 ಅಡಿಯ ಫೈಬರ್‌ಗ್ಲಾಸ್ ಪೋಲ್. ಸುಮಾರು 28 ಸಾವಿರ ಕೊಟ್ಟ ನೆನಪು. ಬ್ರಷ್, ಪೈಪು ಸೇರಿ ಏಳು ಕಿಲೋ ದಾಟುತ್ತಿತ್ತು. ಎರಡನೇ ಮಹಡಿಯವರೆಗೆ ಸರಿಯಾಗಿತ್ತು. ಮೂರನೆಯದಕ್ಕೆ ಏರಿಸಿದರೆ ತುದಿ ಮದುವೆ ಮನೆಯ ಬಾಳೆಗಿಡದಂತೆ ತೂಗಾಡುತ್ತಿತ್ತು. ಕೆಳಗೆ ಒಂದಡಿ ತಳ್ಳಿದರೆ ಮೇಲೆ ಬ್ರಷ್ ಅರ್ಧ ಅಡಿ ಮಾತ್ರ ಸರಿಯುತ್ತದೆ, ಉಳಿದದ್ದೆಲ್ಲ ಬಾಗುವುದಕ್ಕೇ ಖರ್ಚು. ಮೂರು ದಿನಕ್ಕೆ ನನ್ನ ಹುಡುಗರಲ್ಲಿ ಒಬ್ಬ ಭುಜ ಹಿಡಿದುಕೊಂಡು ಊರಿಗೆ ಹೋದವನು ದೀಪಾವಳಿ ಕಳೆದ ಮೇಲೆಯೇ ಬಂದದ್ದು.

ಎರಡನೆಯ ತಪ್ಪು ಇನ್ನೂ ದುಬಾರಿಯದು. ಉದ್ದ ಇದ್ದಷ್ಟೂ ಒಳ್ಳೆಯದು, ಬೇಕಾದಾಗ ಮಡಚಿಕೊಳ್ಳಬಹುದು ಎಂಬ ಲೆಕ್ಕದಲ್ಲಿ 65 ಅಡಿಯ ‘ಪೂರ್ಣ ಕಾರ್ಬನ್’ ಪೋಲ್ ಒಂದನ್ನು ತರಿಸಿದೆ. 70 ಸಾವಿರದ ಹತ್ತಿರ ಬಿತ್ತು. ಮೇಲ್ಮೈ ಮೇಲೆ ಕಪ್ಪು ಚೌಕುಳಿ ನೇಯ್ಗೆ, ನೋಡಲು ರೇಸ್ ಬೈಕಿನ ಬಿಡಿಭಾಗದಂತೆ ಚೆಂದ. ಒಂದು ತುಂಡು ಬಿರುಕು ಬಿಟ್ಟಾಗ ಗರಗಸದಲ್ಲಿ ಕೊಯ್ದು ನೋಡಿದೆ. ಚೌಕುಳಿ ಹೊರಗಿನ ಒಂದು ಪದರ ಮಾತ್ರ, ಒಳಗೆಲ್ಲ ಬಿಳಿ ಗಾಜಿನ ನಾರು. ಆ ನೇಯ್ಗೆ ಅಂದಕ್ಕಷ್ಟೇ. ಪೋಲ್ ಗಡುಸಾಗಿ ನಿಲ್ಲುವುದು ಉದ್ದಕ್ಕೆ ನೇರವಾಗಿ ಓಡುವ ನಾರಿನಿಂದ. ಮಾರಿದವನ ಹೆಸರು ಬರೆಯುವುದಿಲ್ಲ. ತಪ್ಪು ನನ್ನದೂ ಹೌದು, ಕೈಯಲ್ಲಿ ಹಿಡಿದು ನೋಡದೆ ಹಣ ಕಳುಹಿಸಿದ್ದೆ.

ಅಲ್ಲಿಂದ ಮುಂದೆ ಯಾವ ಪೋಲ್ ಬಂದರೂ ಒಂದೇ ಪರೀಕ್ಷೆ. ತುದಿಯ ಕಡೆಯ ಸಪೂರ ತುಂಡುಗಳನ್ನು ಎಳೆದು 20 ಅಡಿ ಮಾಡಿ, ಬುಡವನ್ನು ಮೇಜಿಗೆ ಬಿಗಿದು ಅಡ್ಡಲಾಗಿ ಚಾಚಬೇಕು. ತುದಿ ನೆಲದಿಂದ ಎಷ್ಟೆತ್ತರದಲ್ಲಿದೆ ಎಂದು ಅಳೆದುಕೊಂಡು ಅರ್ಧ ಲೀಟರ್ ನೀರಿನ ಬಾಟಲಿ ತೂಗುಹಾಕಿ ಮತ್ತೆ ಅಳೆಯಬೇಕು. ನನ್ನ ಫೈಬರ್‌ಗ್ಲಾಸ್ ಮೂರಡಿಗೂ ಮಿಕ್ಕಿ ಇಳಿಯಿತು. ಚೌಕುಳಿ ಸುಂದರಿ ಎರಡಡಿ. ಈಗ ಇರುವುದು ಒಂದಡಿ, ಮೇಲೆ ಎರಡೋ ಮೂರೋ ಇಂಚು. ಅಂಗಡಿಯವರು ಬುಡದ ದಪ್ಪ ತುಂಡನ್ನು ಕೈಗೆ ಕೊಟ್ಟು “ಎಷ್ಟು ಗಟ್ಟಿ ನೋಡಿ ಸರ್” ಎನ್ನುತ್ತಾರೆ. ಬುಡ ಯಾವತ್ತೂ ಗಟ್ಟಿಯೇ, ಆಟ ಆಡಿಸುವುದು ತುದಿ. ಬಾಟಲಿಯನ್ನು ತಟ್ಟನೆ ಬಿಡಿಸಿ ತುದಿ ತೂಗಾಡಿ ನಿಲ್ಲಲು ಎಷ್ಟು ಹೊತ್ತು ಬೇಕು ಎಂದೂ ಎಣಿಸುತ್ತೇನೆ. ಆ ಎಣಿಕೆ ಎಷ್ಟಕ್ಕೆ ನಿಂತರೆ ನಾನು ಹಣ ಕೊಡುತ್ತೇನೆ ಎಂಬುದು ಮಾತ್ರ ನನ್ನಲ್ಲೇ ಇರಲಿ.

ಈಗ ಉದ್ದದ ವಿಷಯ. 65 ಅಡಿಯ ಪೋಲನ್ನು ಪೂರ್ತಿ ಎಳೆದದ್ದು ಒಂದು ವರ್ಷದಲ್ಲಿ ನಾಲ್ಕು ಸಲವೋ ಐದು ಸಲವೋ. ಆದರೆ ಆ ಕೊನೆಯ 20 ಅಡಿಯ ದಪ್ಪ ತುಂಡುಗಳನ್ನು ಪ್ರತಿದಿನವೂ ಹೊತ್ತೆವು. ಪೋಲ್ ಮಡಚಿಕೊಂಡಾಗ ಎಲ್ಲ ತುಂಡುಗಳೂ ಒಂದರೊಳಗೊಂದು ಕೈಯಲ್ಲೇ ಇರುತ್ತವಲ್ಲ. ಒಂದು ಭಾನುವಾರ ಕುಳಿತು ನಮ್ಮ 31 ಕಟ್ಟಡಗಳ ಪಟ್ಟಿ ಮಾಡಿದೆ. 26 ಕಟ್ಟಡಗಳ ಮೇಲಿನ ಕಿಟಕಿಯ ಅಂಚು 47 ಅಡಿಯೊಳಗೇ ಇತ್ತು. ಕಾರಣ ಆಮೇಲೆ ಹೊಳೆಯಿತು. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ 15 ಮೀಟರ್ ಮತ್ತು ಅದಕ್ಕೂ ಎತ್ತರದ್ದು ‘ಬಹುಮಹಡಿ’ ಲೆಕ್ಕಕ್ಕೆ ಬರುತ್ತದೆ, ಅಗ್ನಿಸುರಕ್ಷತೆಯ ಬೇಡಿಕೆಗಳು ಹೆಚ್ಚುತ್ತವೆ. ಹಾಗಾಗಿ ಮಾಲೀಕರು ಅದರೊಳಗೇ ಮುಗಿಸುತ್ತಾರೆ. 15 ಮೀಟರ್ ಎಂದರೆ 49 ಅಡಿ ಚಿಲ್ಲರೆ. ಎದೆಯ ಮಟ್ಟಕ್ಕೆ ಹಿಡಿದ 45 ಅಡಿಯ ಪೋಲ್ ಸ್ವಲ್ಪ ಓರೆಯಾಗಿ ನಿಂತರೂ 47 ಅಡಿ ಮುಟ್ಟುತ್ತದೆ. ಬೆಂಗಳೂರಿನ ಅಳತೆಯೇ 45 ಎಂದು ಆ ಭಾನುವಾರ ತೀರ್ಮಾನಿಸಿದೆ.

ಅದಕ್ಕೂ ಮೊದಲು ಅಣ್ಣನ ದೋಟಿಯಲ್ಲೇ ಕೆಲಸ ಮುಗಿಸುವ ಪ್ರಯತ್ನವೊಂದು ನಡೆದಿತ್ತು. ಅವನು ಹೊಸ ದೋಟಿ ಕೊಂಡಾಗ ಹಳೆಯದನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ತಂದೆ. ಹಗುರ ಎಂದರೆ ಹಗುರ, ಗಡುಸೂ ಇದೆ. ಕತ್ತಿ ತೆಗೆದು ಬ್ರಷ್ ಕೂರಿಸಿದೆ. ಆದರೆ ಅಡಿಕೆಗೆ ದೋಟಿಯನ್ನು ಏರಿಸಿ ಒಂದು ಸಲ ಎಳೆದರೆ ಮುಗಿಯಿತು. ಗಾಜಿಗೆ ದಿನಕ್ಕೆ ಸಾವಿರಾರು ಸಲ ಮೇಲೆ ಕೆಳಗೆ ಉಜ್ಜಬೇಕು. ಮಧ್ಯಾಹ್ನದ ಹೊತ್ತಿಗೆ ಬಿಗಿತಗಳು ಸಡಿಲವಾಗಿ ತುಂಡುಗಳು ತಿರುಗತೊಡಗಿದವು. ಕೆಳಗೆ ನಾನು ಗಾಜಿನ ಕಡೆ ಮುಖ ಮಾಡಿದ್ದರೆ ಮೇಲೆ ಬ್ರಷ್ ರಸ್ತೆಯ ಕಡೆ ಮುಖ ಮಾಡಿತ್ತು. ಬೋರ್ಡೋ ಹೊಡೆಯುವ, ಭಾರಿ ಒತ್ತಡದ ಎಚ್‌ಟಿಪಿ ಪಂಪನ್ನೂ ಒಮ್ಮೆ ಜೋಡಿಸಿ ನೋಡಿದೆ. ಪೈಪು ಹಾವಿನಂತೆ ಎಗರಿ ಕಾವಲುಗಾರರ ಊಟದ ಡಬ್ಬಿಗೆ ನೀರು ನುಗ್ಗಿತು, ಹೊಸ ಊಟ ತರಿಸಿಕೊಟ್ಟೆ. 12 ವೋಲ್ಟಿನ ಸಣ್ಣ ಡಯಾಫ್ರಮ್ ಪಂಪು ಸಾಕು. ನೀರು 50 ಅಡಿ ಏರಲು 22 ಪಿಎಸ್‌ಐ ಒತ್ತಡ ಹೋಗುತ್ತದೆ, ಪೈಪಿನ ತಿಕ್ಕಾಟಕ್ಕೆ ಇನ್ನಷ್ಟು. ಉಳಿದದ್ದರಲ್ಲಿ ನಿಮಿಷಕ್ಕೆ ಒಂದೂವರೆ ಲೀಟರ್ ಬಂದರೆ ಒಂದು ಬ್ರಷ್‌ಗೆ ಧಾರಾಳ. ಆ ದೋಟಿ ಹಾಳಾಗಲಿಲ್ಲ. ಅದರ ಮೂರು ತುಂಡುಗಳು ಇವತ್ತಿಗೂ ಸೌರಫಲಕ ತೊಳೆಯುವುದಕ್ಕೆ ಬಳಕೆಯಲ್ಲಿವೆ.

ಕೊನೆಗೆ ಕೊಂಡದ್ದು 45 ಅಡಿಯ ನಿಜವಾದ ಕಾರ್ಬನ್ ಪೋಲ್, ಜೊತೆಗೆ ಬುಡಕ್ಕೆ ಬೇಕಾದಾಗ ಮಾತ್ರ ಸೇರಿಸುವ ಬಿಡಿ ತುಂಡುಗಳು. ಒಟ್ಟು 1 ಲಕ್ಷ 10 ಸಾವಿರವೋ 15 ಸಾವಿರವೋ. ಬರಿಯ ಪೋಲ್ ಮೂರು ಕಿಲೋದಷ್ಟು. ಬ್ರಷ್ 600 ಗ್ರಾಂ. ಎಲ್ಲರೂ ಮರೆಯುವುದು ಪೈಪಿನ ತೂಕ: ಒಳಗಿನ ನೀರೂ ಸೇರಿದರೆ ಇನ್ನೊಂದು ಮುಕ್ಕಾಲು ಕಿಲೋ. ಅದಕ್ಕೇ ಸಣ್ಣ ಕೊಳವೆಯನ್ನು ಪೋಲಿನ ಒಳಗಿನಿಂದ ಒಯ್ದೆ. ತುಂಡುಗಳನ್ನು ಹಿಡಿದಿಡುವ ಬಿಗಿತಗಳಲ್ಲಿ ಸನ್ನೆಯಂತೆ (ಲಿವರ್) ಮಡಚುವ ಬಗೆಯದೇ ಇರಲಿ. ತಿರುಚಿ ಬಿಗಿಯುವಂಥದ್ದು ನಮ್ಮ ಧೂಳಿನಲ್ಲಿ ಆರು ತಿಂಗಳೂ ಬಾಳುವುದಿಲ್ಲ. ಸಂಜೆ ಎಲ್ಲ ತುಂಡುಗಳನ್ನೂ ಹೊರಗೆಳೆದು ಒರೆಸದಿದ್ದರೆ ಮರಳು ಒಳಗೇ ಉಳಿದು ಉಜ್ಜುತ್ತದೆ, ಕಾರ್ಬನ್ ಸವೆದು ಕೈಗೆಲ್ಲ ಕಪ್ಪು ಹತ್ತುತ್ತದೆ. ಆ ಕಪ್ಪು ನಿಮ್ಮ ಹಣ.

ಪೋಲ್ ಸರಿಯಾದ ಮೇಲೂ ಕಲೆ ಹೋಗಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ವೈಟ್‌ಫೀಲ್ಡ್ ಕಡೆಯ ಒಂದು ಕಟ್ಟಡದ ಬೋರ್‌ವೆಲ್ ನೀರಿನ ಟಿಡಿಎಸ್ 950. ನೇರವಾಗಿ ರೆಸಿನ್ ಸಿಲಿಂಡರಿಗೆ ಬಿಟ್ಟೆ. 25 ಲೀಟರ್ ರೆಸಿನ್, ಎಂಟು ಸಾವಿರದ ಮಾಲು, ಏಳೆಂಟುನೂರು ಲೀಟರಿಗೇ ಸತ್ತುಹೋಯಿತು. ನಾನು ಮೀಟರ್ ನೋಡಿದ್ದು ಬೆಳಿಗ್ಗೆ ಒಮ್ಮೆ ಮಾತ್ರ. ಮಧ್ಯಾಹ್ನದ ನಂತರ ತೊಳೆದ ಪಶ್ಚಿಮದ ಗೋಡೆ ಸಂಜೆ ಬಿಸಿಲಿಗೆ ಒಣಗಿದಾಗ ಸುಣ್ಣ ಎರಚಿದಂತಿತ್ತು. ಅದನ್ನು ಹಗ್ಗದ ಹುಡುಗರಿಂದ ಒರೆಸಿಸಲು ಒಂಬತ್ತು ಸಾವಿರ ಹೋಯಿತು, ಆ ಕೆಲಸದಲ್ಲಿ ನನಗೆ ಉಳಿಯಬೇಕಿದ್ದದ್ದೇ ಆರು ಸಾವಿರ. ಈಗ ಮೊದಲು ಆರ್‌ಒ, ಅಂದರೆ ಕುಡಿಯುವ ನೀರಿನ ಯಂತ್ರದಲ್ಲಿರುವಂಥ ಸೋಸುವ ಪೊರೆ. 950 ಇದ್ದದ್ದು 45ಕ್ಕೆ ಇಳಿಯುತ್ತದೆ, ಆಮೇಲೆ ರೆಸಿನ್. ಅದೇ ಸಿಲಿಂಡರ್ ಹನ್ನೆರಡು ಸಾವಿರ ಲೀಟರಿನಷ್ಟು ಬಾಳುತ್ತದೆ. ಮೀಟರ್ 10 ದಾಟಿದರೆ ಕೆಲಸ ನಿಲ್ಲಿಸುತ್ತೇನೆ. ಮೂರು ದಾಟಿದಾಗಲೇ ನನ್ನ ಮುಖ ಸಪ್ಪಗಾಗುತ್ತದೆ ಎಂದು ಹುಡುಗರು ಹೇಳುತ್ತಾರೆ.

ಮಳೆಗಾಲದಲ್ಲಿ ಒಂದು ಮೋಜಿನ ಪ್ರಯೋಗ ಮಾಡಿದೆ. ತಾರಸಿಯ ಮೊದಲ ಮಳೆಯನ್ನು ಹರಿಯಬಿಟ್ಟು ಆಮೇಲಿನದನ್ನು ಡ್ರಮ್ಮಿಗೆ ಹಿಡಿದರೆ ಮೀಟರಿನಲ್ಲಿ ಇಪ್ಪತ್ತೋ ಇಪ್ಪತ್ತೈದೋ. ಆರ್‌ಒ ಬೇಕಿಲ್ಲ, ನೇರ ರೆಸಿನ್‌ಗೆ. ಆ ಎರಡು ತಿಂಗಳು ನೀರಿನ ಖರ್ಚೇ ಇರಲಿಲ್ಲ. ಕಿಟಕಿ ತೊಳೆಸುವವರೂ ಇರಲಿಲ್ಲ, ಮಳೆಗಾಲವಲ್ಲವೇ! 2024ರ ಬೇಸಿಗೆಯಲ್ಲಿ ಇದಕ್ಕೆ ತದ್ವಿರುದ್ಧ. ಕುಡಿಯುವ ನೀರನ್ನು ಕಾರು ತೊಳೆಯಲು, ತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಮಾರ್ಚ್‌ನಲ್ಲಿ ಆದೇಶಿಸಿದಾಗ ನಮ್ಮ ಪೈಪು ಕಂಡರೇ ಜನ ಬೆಚ್ಚುತ್ತಿದ್ದರು. ನಾವು ಬಳಸುತ್ತಿದ್ದದ್ದು ಬೋರ್‌ವೆಲ್ ನೀರಾದರೂ ಆರು ವಾರ ಕೆಲಸ ನಿಂತಿತು. ಆರ್‌ಒದಿಂದ ಹೊರಬೀಳುವ ನೀರನ್ನು ಶೌಚಾಲಯದ ತೊಟ್ಟಿಗೆ ತಿರುಗಿಸುವ ವ್ಯವಸ್ಥೆ ಆಗಲೇ ಮಾಡಿದ್ದು. ಈಗ ಅದನ್ನೇ ತೋರಿಸಿ ಗುತ್ತಿಗೆ ಕೇಳುತ್ತೇನೆ.

ಮೊದಲ ಸಲ ತೊಳೆಯುವ ಕಟ್ಟಡಕ್ಕೆ ಎರಡು ಸುತ್ತು ಲೆಕ್ಕ ಹಾಕಿಯೇ ದರ ಹೇಳಿ. ನೀರು ಎಷ್ಟು ಶುದ್ಧವಾಗಿದ್ದರೂ ಅಲ್ಯುಮಿನಿಯಂ ಚೌಕಟ್ಟಿನ ಸಂದಿಯ ಧೂಳು ಆಮೇಲೆ ಕಣ್ಣೀರಿನಂತೆ ಇಳಿಯುತ್ತದೆ. ಚೌಕಟ್ಟು ಮೊದಲು, ಗಾಜು ಆಮೇಲೆ, ಕೊನೆಗೆ ಬ್ರಷ್ ಎತ್ತಿ ಬರಿಯ ನೀರು. ಆ ಬರಿಯ ನೀರು ಬಿಡುವಾಗ ಬ್ರಷ್‌ನ ಕತ್ತನ್ನು ನಾನು ಬಾಗಿಸುವ ಕೋನ ಬೇರೆ, ಅದರಲ್ಲಿ ನೀರು ಬರುವ ರಂಧ್ರಗಳನ್ನು ಕೊರೆದುಕೊಂಡಿರುವ ರೀತಿಯೂ ಬೇರೆ. ಅದನ್ನು ಕೇಳಬೇಡಿ, ಹೇಳುವುದಿಲ್ಲ. ಸಿಮೆಂಟು, ಸಿಲಿಕಾನ್ ಅಂಟಿದ ಗಾಜನ್ನು ದೋಟಿಯಿಂದ ತೆಗೆಯುತ್ತೇನೆಂದು ಒಪ್ಪಿಕೊಳ್ಳಲೂಬೇಡಿ. ನಾನು ಒಪ್ಪಿ ಕೆಟ್ಟಿದ್ದೇನೆ.

ಇನ್ನು ಕರೆಂಟು. ಕಾರ್ಬನ್ ವಿದ್ಯುತ್ ಹರಿಸುತ್ತದೆ, ಒದ್ದೆಯಾದ ಫೈಬರ್‌ಗ್ಲಾಸನ್ನೂ ನಂಬುವಂತಿಲ್ಲ. ನಮ್ಮ ಅಡ್ಡರಸ್ತೆಗಳಲ್ಲಿ 11 ಕೆವಿ (11 ಸಾವಿರ ವೋಲ್ಟ್) ತಂತಿ ಮೂರನೇ ಮಹಡಿಯ ಬಾಲ್ಕನಿಗೆ ಕೈಚಾಚಿದಷ್ಟು ಹತ್ತಿರ ಹಾದುಹೋಗುವುದನ್ನು ನೋಡಿದ್ದೀರಿ. ಪೋಲ್ ಪೂರ್ತಿ ಉದ್ದಕ್ಕೆ ಬಿದ್ದರೂ ತಂತಿ ಇನ್ನೂ ಹತ್ತಡಿ ದೂರ ಇರಬೇಕು, ಇಲ್ಲದಿದ್ದರೆ ಆ ಬದಿಯನ್ನು ನಾವು ಮುಟ್ಟುವುದಿಲ್ಲ. ಈ ಕಾರಣಕ್ಕೆ ಎರಡು ಗುತ್ತಿಗೆ ಕೈಬಿಟ್ಟಿದ್ದೇನೆ, ಒಂದು 40 ಸಾವಿರದ್ದು.

ಲೆಕ್ಕ ಹೇಳಿ ಮುಗಿಸುತ್ತೇನೆ. ಆರು ಸಾವಿರ ಚದರಡಿ ಗಾಜಿನ ಕಟ್ಟಡಕ್ಕೆ ಚದರಡಿಗೆ ನಾಲ್ಕು ರೂಪಾಯಿ. ಹಗ್ಗದಲ್ಲಾದರೆ ನಾಲ್ಕು ಜನ, ಮೂರು ದಿನ, ಮೇಲೆ ವಿಮೆ. ದೋಟಿಯಲ್ಲಿ ಇಬ್ಬರು, ಎರಡು ದಿನ. ಎರಡು ತಪ್ಪು ಪೋಲ್‌ಗಳ ನಷ್ಟವೂ ಸೇರಿ ಹಾಕಿದ ಹಣ ಹದಿನಾಲ್ಕು ತಿಂಗಳಲ್ಲಿ ವಾಪಸು ಬಂತು. ಬುಡಕ್ಕೆ ಸೇರಿಸುವ ಆ ಬಿಡಿ ತುಂಡುಗಳನ್ನು ಇದುವರೆಗೆ ಎಂಟು ಸಲ ಹೊರತೆಗೆದಿರಬಹುದು. ಆರನೇ ಮಹಡಿಗೆ ಕೇಳಿಕೊಂಡು ಬಂದವರಿಗೆ ಹಗ್ಗದ ಹುಡುಗರ ನಂಬರ್ ಕೊಡುತ್ತೇನೆ.