ಹಾರೋದು ಬೇಡ ಅನ್ನೋದು ಸುಲಭ ಆಗಬೇಕು: ಹಾಸನದ ಕಡೆ ನಮ್ಮ ಪ್ಯಾರಾಗ್ಲೈಡಿಂಗ್ ವೀಕೆಂಡ್‌ಗಳು

ಪ್ಯಾರಾಗ್ಲೈಡಿಂಗ್ ಟ್ರಿಪ್‌ನಲ್ಲಿ ಅಪಾಯ ಎಲ್ಲಿ ಶುರುವಾಗುತ್ತದೆ ಎಂದು ಯಾರಾದರೂ ಕೇಳಿದರೆ, ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಹೊರಡುವ ಕಾರಿನಲ್ಲಿ ಎಂದು ಹೇಳುತ್ತೇನೆ. ವಾರವೆಲ್ಲ ದುಡಿದು, ಮನೆಯಲ್ಲಿ ಒಪ್ಪಿಸಿ, ಪೆಟ್ರೋಲ್ ಹಾಕಿಸಿ, ಭಾರದ ಬ್ಯಾಗನ್ನು ಡಿಕ್ಕಿಗೆ ತುಂಬಿಕೊಂಡು 180 ಕಿಲೋಮೀಟರ್ ಬಂದವರಿಗೆ ಭಾನುವಾರ ಸಂಜೆಯೊಳಗೆ ಒಂದು ಸಲವಾದರೂ ಹಾರಲೇಬೇಕು ಅನಿಸಿರುತ್ತದೆ. ಆ ಆಸೆ ತಪ್ಪಲ್ಲ, ನನಗೂ ಇರುತ್ತದೆ. ಆದರೆ ಗಾಳಿಗೆ ಶನಿವಾರ ಭಾನುವಾರ ಗೊತ್ತಿಲ್ಲ, ಅಲ್ವಾ? ಅದಕ್ಕೇ ನಾವು ಗೆಳೆಯರು ಹಾರದೆ ವಾಪಸ್ ಬರುವುದು ಸುಲಭವಾಗುವ ಹಾಗೆಯೇ ಟ್ರಿಪ್ ಹಾಕಿಕೊಳ್ಳುತ್ತೇವೆ. ಬೆಳಿಗ್ಗೆಯಿಂದ ಏನೇನು ನೋಡುತ್ತೇವೆ, ಯಾವಾಗ ಬ್ಯಾಗ್ ಬಿಚ್ಚದೆ ಗುಡ್ಡ ಇಳಿಯುತ್ತೇವೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನಿರುವುದು ಹಾಸನದಲ್ಲಿ. ತಂಡದಲ್ಲಿ ಬೆಂಗಳೂರಿನವರಿದ್ದಾರೆ, ಮೈಸೂರಿನವನೊಬ್ಬ, ಚಿಕ್ಕಮಗಳೂರಿನ ಕಾಫಿ ತೋಟದ ಮನೆಯ ಗೆಳತಿಯೊಬ್ಬಳು. ಎಲ್ಲರೂ ಕಲಿತದ್ದು ಮಹಾರಾಷ್ಟ್ರದ ಕಾಮ್‌ಶೇತ್‌ನಲ್ಲಿ, ಪರಿಚಯವಾದದ್ದೂ ಅಲ್ಲೇ. ಯೂಟ್ಯೂಬ್ ನೋಡಿ, ಹಳೇ ಗ್ಲೈಡರ್ (ಹಾರಲು ಬಳಸುವ ಬಟ್ಟೆಯ ರೆಕ್ಕೆ) ಕೊಂಡು, ತರಬೇತಿ ಇಲ್ಲದೆ ಗುಡ್ಡ ಹತ್ತಬೇಕು ಅಂದುಕೊಂಡವರಿದ್ದರೆ ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಸರಿಯಾದ ಕಡೆ ಕಲಿಯಿರಿ.

ನಾವು ಹಾರುವ ಗುಡ್ಡದ ಹೆಸರು ಹೇಳುವುದಿಲ್ಲ. ಅದು ಖಾಸಗಿ ಜಮೀನು. ಮಾಲೀಕರು ನಮ್ಮನ್ನು ನಂಬಿ ಬಿಟ್ಟಿದ್ದಾರೆ, ಸುಮ್ನೆ ಜನ ಬಂದು ತುಂಬಿಕೊಂಡರೆ ಅವರಿಗೆ ಕಷ್ಟ. ಪಂಚಾಯಿತಿಗೂ ಠಾಣೆಗೂ ಮೊದಲೇ ತಿಳಿಸಿರುತ್ತೇವೆ. ಹುಲ್ಲುಗುಡ್ಡ, ಮರ ಕಡಿಮೆ, ಒಂದು ಮುಖ ಪಡುವಣಕ್ಕೆ, ಇನ್ನೊಂದು ಮೂಡಣಕ್ಕೆ. ಕೆಳಗೆ ರಾಗಿ ಹೊಲಗಳು. ಕೊಯ್ಲಾದ ಮೇಲೆ ಕೂಳೆ ಹೊಲದಲ್ಲಿ ಆರಾಮಾಗಿ ಇಳಿಯಬಹುದು. ಪೈರು ಇದ್ದಾಗ ಬದುವಿನಾಚೆಯ ಬೀಳು ಜಾಗದಲ್ಲಿ ಮಾತ್ರ, ಅಲ್ಲಿಗೆ ತಲುಪುವ ನಂಬಿಕೆ ಇಲ್ಲದಿದ್ದರೆ ಹಾರುವುದೇ ಇಲ್ಲ. ಪಂಪ್‌ಸೆಟ್‌ಗೆ ಎಳೆದಿರುವ ಕರೆಂಟ್ ತಂತಿಗಳು ಮೇಲಿಂದ ಕಾಣುವುದೇ ಇಲ್ಲ, ಕಂಬ ಮಾತ್ರ ಕಾಣುತ್ತದೆ. ಅದಕ್ಕೆ ಪ್ರತಿ ಸಲ ಮೊದಲು ಇಳಿಯುವ ಜಾಗಕ್ಕೇ ಹೋಗಿ ನಡೆದು ನೋಡಿ, ಆಮೇಲೆ ಗುಡ್ಡ ಹತ್ತುತ್ತೇವೆ.

ಮುಳ್ಳಯ್ಯನಗಿರಿ 1930 ಮೀಟರ್ ಇದೆಯಲ್ಲ, ಅಲ್ಲಿಂದ ಹಾರಬಹುದಲ್ವಾ ಎಂದು ತುಂಬಾ ಜನ ಕೇಳುತ್ತಾರೆ. ಎತ್ತರ ಇದ್ದರೆ ಸಾಲದು. ಕೆಳಗೆ ಶೋಲಾ ಕಾಡು, ಆಮೇಲೆ ಕಾಫಿ ತೋಟ. ಇಳಿಯುವುದು ಎಲ್ಲಿ? ಸಿಲ್ವರ್ ಓಕ್ ಮರದ ತುದಿಗೆ ಸಿಕ್ಕಿಕೊಂಡವರನ್ನು ಕೆಳಗಿಳಿಸುವುದು ದೊಡ್ಡ ಕೆಲಸ. ಅಲ್ಲಿನ ಮಂಜು ನಿಮಿಷಗಳಲ್ಲಿ ಬಂದು ಮುಚ್ಚುತ್ತದೆ. ಸಕಲೇಶಪುರ, ಆಲೂರು, ಬೇಲೂರು ಕಡೆಯ ತೋಟಗಳಲ್ಲಿ ಆನೆ ಭಯ ಬೇರೆ. ಸಂಜೆ ಹೊತ್ತು ಗ್ಲೈಡರ್ ಬ್ಯಾಗ್ ಹೊತ್ತು ಒಬ್ಬರೇ ತೋಟದ ದಾರಿಯಲ್ಲಿ ನಡೆಯುವ ಪರಿಸ್ಥಿತಿ ಯಾರಿಗೂ ಬೇಡ.

ಈಗ ಗಾಳಿಯ ವಿಷಯ. ನಮ್ಮಂಥವರು ಹಾರಿಸುವ ಗ್ಲೈಡರ್ ಬ್ರೇಕ್ ಬಿಟ್ಟು ಹಾರಿದರೆ ಗಂಟೆಗೆ ಸುಮಾರು 36–38 ಕಿಲೋಮೀಟರ್ ಹೋಗುತ್ತದೆ. ಇದೊಂದನ್ನು ನೆನಪಿಟ್ಟುಕೊಂಡರೆ ಉಳಿದದ್ದು ಅರ್ಥವಾಗುತ್ತದೆ. ಎದುರಿನ ಗಾಳಿ 15 ಇದ್ದರೆ ನೆಲದ ಲೆಕ್ಕದಲ್ಲಿ ನೀವು 20ರ ಆಸುಪಾಸಿನಲ್ಲಿ ಮುಂದೆ ಹೋಗುತ್ತೀರಿ. ಗಾಳಿ 36 ಆದರೆ ನಿಂತಲ್ಲೇ ನಿಲ್ಲುತ್ತೀರಿ. ಅದಕ್ಕಿಂತ ಜಾಸ್ತಿಯಾದರೆ ಹಿಂದಕ್ಕೆ, ಗುಡ್ಡದ ಬೆನ್ನಿನ ಕಡೆಗೆ ಹೋಗುತ್ತೀರಿ. ಅಲ್ಲಿ ಗಾಳಿ ಹಳ್ಳದ ನೀರು ಬಂಡೆ ದಾಟಿ ಸುಳಿ ಸುತ್ತುವ ಹಾಗೆ ಸುತ್ತುತ್ತಿರುತ್ತದೆ. ರೋಟರ್ ಎನ್ನುವುದು ಅದಕ್ಕೇ. ಅದರೊಳಗೆ ಗ್ಲೈಡರ್ ಮಡಚಿಕೊಂಡರೆ ಸರಿಮಾಡಿಕೊಳ್ಳಲು ಕೆಳಗೆ ಎತ್ತರವೂ ಉಳಿದಿರುವುದಿಲ್ಲ. ಕಾಲಿನಿಂದ ಸ್ಪೀಡ್ ಬಾರ್ ಒತ್ತಿದರೆ ಇನ್ನಷ್ಟು ವೇಗ ಸಿಗುತ್ತದೆ ನಿಜ. ಆದರೆ ಅದನ್ನು ನಂಬಿಕೊಂಡು ಟೇಕಾಫ್ ಆಗುವವರ ಜೊತೆ ನಾನು ಹಾರುವುದಿಲ್ಲ.

ಗುಡ್ಡದ ತುದಿಯಲ್ಲಿ ಗಾಳಿ ಒತ್ತಿಕೊಂಡು ಜೋರಾಗುತ್ತದೆ, ಮೇಲೆ ಹೋದಂತೆ ಸಾಮಾನ್ಯವಾಗಿ ಇನ್ನೂ ಜಾಸ್ತಿಯಾಗುತ್ತದೆ. ಹಾಗಾಗಿ ಟೇಕಾಫ್ ಜಾಗದಲ್ಲಿ ಗಾಳಿ ಅಳೆಯುವ ಮೀಟರ್ ಹಿಡಿದಾಗ 10ರಿಂದ 18 ಇದ್ದರೆ ನಮಗೆ ಖುಷಿ. 20 ದಾಟಿದರೆ ಕಾಯುತ್ತೇವೆ, 25 ಅಂದರೆ ಆ ಹೊತ್ತಿಗೆ ಮುಗಿಯಿತು. ಆದರೆ ಸರಾಸರಿಗಿಂತ ನನಗೆ ಮುಖ್ಯ ಏರಿಳಿತ. ಹತ್ತು ನಿಮಿಷ ಮೀಟರ್ ಹಿಡಿದು ನಿಂತಾಗ ಒಮ್ಮೆ 8, ಒಮ್ಮೆ 22 ತೋರಿಸಿದರೆ, ನಡುವೆ ಎಷ್ಟೇ ಚೆನ್ನಾಗಿ ಕಂಡರೂ ನಾನು ಹೆಲ್ಮೆಟ್ ತೆಗೆದಿಡುತ್ತೇನೆ.

ಇನ್ನೊಂದು ವಿಷಯವಿದೆ, ಹೊಸಬರು ಇದನ್ನು ಗಮನಿಸುವುದೇ ಇಲ್ಲ. ಡಿಸೆಂಬರ್, ಜನವರಿಯಲ್ಲಿ ನಮ್ಮ ಕಡೆ ಮೂಡಗಾಳಿ. ಮಧ್ಯಾಹ್ನದ ಮೇಲೆ ಬಿಸಿಲು ಪಡುವಣ ಮುಖಕ್ಕೆ ಬಿದ್ದು ಅಲ್ಲಿನ ನೆಲ ಕಾದು, ಕಾದ ಗಾಳಿ ಇಳಿಜಾರಿನಲ್ಲಿ ಮೇಲೇರುತ್ತದೆ. ಪಡುವಣ ಅಂಚಿನಲ್ಲಿ ನಿಂತವರ ಮುಖಕ್ಕೆ ಸೊಗಸಾದ ಎದುರುಗಾಳಿ ಹೊಡೆಯುತ್ತದೆ, ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ, ಅಂದರೆ ವಿಂಡ್‌ಸಾಕ್ ಕೂಡ ಸರಿಯಾಗಿ ತುಂಬಿಕೊಳ್ಳುತ್ತದೆ. ಆದರೆ ನಿಜವಾದ ಗಾಳಿ ಬೆನ್ನ ಹಿಂದಿನಿಂದ, ಗುಡ್ಡದ ಮೇಲಿಂದ ಹಾದು ಹೋಗುತ್ತಿರುತ್ತದೆ. ಅಲ್ಲಿಂದ ಹಾರಿದರೆ ನೇರವಾಗಿ ರೋಟರ್ ಒಳಗೆ ಹಾರಿದಂತೆ. ಇದನ್ನು ಹಿಡಿಯಲು ನಾವು ದೂರದ್ದನ್ನು ನೋಡುತ್ತೇವೆ: ಹೊಲದ ಮೇಲೆ ಮೋಡದ ನೆರಳು ಯಾವ ಕಡೆಗೆ ಹೋಗುತ್ತಿದೆ, ಬಯಲಲ್ಲಿ ಯಾರಾದರೂ ಕಸ ಸುಡುತ್ತಿದ್ದರೆ ಹೊಗೆ ಮೇಲೇರಿದ ಮೇಲೆ ಯಾವ ಕಡೆ ಬಾಗುತ್ತಿದೆ, ಸುತ್ತು ಹಾಕುವ ಹದ್ದುಗಳು ಸುತ್ತುತ್ತಾ ಎತ್ತ ಸರಿಯುತ್ತಿವೆ. ಮೂರೂ ಪಡುವಣಕ್ಕೇ ಹೋಗುತ್ತಿದ್ದರೆ ನನ್ನ ಮುಖಕ್ಕೆ ಹೊಡೆಯುತ್ತಿರುವ ಗಾಳಿಯನ್ನು ನಾನು ನಂಬುವುದಿಲ್ಲ.

ಮಾರ್ಚ್ ಬಂತು ಅಂದರೆ ಆಕಾಶದ ಸ್ವಭಾವವೇ ಬೇರೆ. ಬೆಳಿಗ್ಗೆ ತಿಳಿಯಾಗಿರುತ್ತದೆ, ಹತ್ತೂವರೆ ಹನ್ನೊಂದಕ್ಕೆ ಹತ್ತಿ ಮೋಡಗಳು ಹುಟ್ಟುತ್ತವೆ, ಥರ್ಮಲ್, ಅಂದರೆ ಕಾದು ಮೇಲೇರುವ ಗಾಳಿ, ಸಿಗುತ್ತದೆ, ಏರುತ್ತಿದ್ದೇವೆ ಎಂದು ಸದ್ದು ಮಾಡಿ ತಿಳಿಸುವ ವ್ಯಾರಿಯೊ ಕೂಗಲು ಶುರುಮಾಡುತ್ತದೆ. ವರ್ಷದಲ್ಲೇ ಹಾರಲು ಮಜಾ ಇರುವ ದಿನಗಳು ಇವು. ಕೈಕೊಡುವುದೂ ಇವೇ. ಮೋಡದ ತಳ ಎಷ್ಟು ಎತ್ತರದಲ್ಲಿರುತ್ತದೆ ಎಂದು ತಿಳಿಯಲು ಒಂದು ಸುಲಭ ಲೆಕ್ಕವಿದೆ. ನೆಲದ ಉಷ್ಣಾಂಶದಲ್ಲಿ ಇಬ್ಬನಿ ಬಿಂದುವನ್ನು (ಗಾಳಿಯ ತೇವ ಹನಿಗಟ್ಟಲು ಶುರುವಾಗುವ ಉಷ್ಣಾಂಶ) ಕಳೆದು 125ರಿಂದ ಗುಣಿಸಿ. 31 ಡಿಗ್ರಿ ಇದ್ದು ಇಬ್ಬನಿ ಬಿಂದು 17 ಇದ್ದರೆ ಮೋಡದ ತಳ ನೆಲದಿಂದ ಸುಮಾರು 1750 ಮೀಟರ್ ಮೇಲೆ, ಬೇಕಾದಷ್ಟಾಯಿತು. 25ಕ್ಕೆ 22 ಅಂದರೆ ಬರೀ 375 ಮೀಟರ್. ಆಗ ಗುಡ್ಡದ ತುದಿಯೇ ಮೋಡದೊಳಗೆ ಹೋಗಬಹುದು. ಎರಡೂ ಅಂಕಿ ಯಾವುದೇ ಹವಾಮಾನ ಆ್ಯಪ್‌ನಲ್ಲಿ ಸಿಗುತ್ತವೆ. ಆದರೆ ಗುಡುಗುಮಳೆಯ ಬಗ್ಗೆ ಈ ಲೆಕ್ಕ ಏನೂ ಹೇಳುವುದಿಲ್ಲ, ಅದಕ್ಕೆ ಕಣ್ಣೇ ಬೇಕು. ಮೋಡ ಅಗಲಕ್ಕಿಂತ ಎತ್ತರವಾಗಿ ಬೆಳೆಯುತ್ತಿದೆಯಾ? ತಳ ಕಪ್ಪಗಾಗಿ ಒಂದಕ್ಕೊಂದು ಕೂಡಿಕೊಳ್ಳುತ್ತಿದೆಯಾ? ಮಧ್ಯಾಹ್ನ ಹನ್ನೆರಡಕ್ಕೇ ಹಾಗಾಗಿದ್ದರೆ ಆ ದಿನ ನಮ್ಮದಲ್ಲ.

ಏಪ್ರಿಲ್‌ನ ಒಂದು ಶನಿವಾರದ ಮಾತು ಹೇಳುತ್ತೇನೆ. ಗಾಳಿ 14, ಏರಿಳಿತ ಕಡಿಮೆ, ನಮ್ಮ ತಲೆಯ ಮೇಲೆ ಪೂರಾ ಬಿಸಿಲು. ಬೆಂಗಳೂರಿನ ಗೆಳೆಯ ಆಗಲೇ ಗ್ಲೈಡರ್ ಹಾಸಿ ದಾರಗಳನ್ನು ಬಿಡಿಸಿ ನೋಡುತ್ತಿದ್ದ. ಚಿಕ್ಕಮಗಳೂರಿನ ಗೆಳತಿಗೆ ಮನೆಯಿಂದ ಫೋನ್ ಬಂತು. ತೋಟದವರು ಹೂಮಳೆಗೆ ಕಾಯುತ್ತಿದ್ದ ಸಮಯ. ಆ ಮಳೆ ಬಿದ್ದರೆ ಕಾಫಿ ಗಿಡ ಮೊಗ್ಗೊಡೆದು ಹೂ ಬಿಡುತ್ತದೆ, ಬೀಳದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು. "ಗಿರಿ ಕಡೆ ಕಪ್ಪಾಗಿದೆ, ಇವತ್ತು ಗ್ಯಾರಂಟಿ ಬರುತ್ತೆ ಕಣೇ" ಎಂದು ಅವಳ ಅಮ್ಮ ಖುಷಿಯಿಂದ ಹೇಳಿದರಂತೆ. ಅವಳು ಫೋನ್ ಇಟ್ಟು "ನಾನು ಹಾರಲ್ಲ, ಯಾರೂ ಹಾರೋದು ಬೇಡ" ಅಂದಳು. ಅಷ್ಟೇ. ಗೆಳೆಯ ಒಂದು ಮಾತೂ ಆಡದೆ ಗ್ಲೈಡರ್ ಬಾಚಿ ಬ್ಯಾಗಿಗೆ ತುಂಬಿದ. ನಾವು ಅರ್ಧ ಗುಡ್ಡ ಇಳಿಯುವಷ್ಟರಲ್ಲಿ ಗಾಳಿ ಪೂರ್ತಿ ನಿಂತುಹೋಯಿತು. ಆಮೇಲೆ ಎಲ್ಲೋ ಮಳೆ ಬಿದ್ದ ಮಣ್ಣಿನ ವಾಸನೆ, ತಣ್ಣನೆಯ ಗಾಳಿ, ಹೊಲದ ದೂಳೆಲ್ಲ ಎದ್ದು ನಮ್ಮ ಕಡೆಗೆ. ನೀಲಗಿರಿ ಮರಗಳು ಬಗ್ಗಿಹೋದವು. ನಮ್ಮ ಮೇಲೆ ಆಗಲೂ ಮಳೆ ಇರಲಿಲ್ಲ, ಬಿಸಿಲೇ ಇತ್ತು. ಗುಡುಗುಮಳೆ ಬೀಳುವ ಜಾಗದಿಂದ ತಣ್ಣಗಾದ ಗಾಳಿ ನೆಲಕ್ಕೆ ಬಿದ್ದು ಸುತ್ತ ಹರಡುತ್ತದೆ. ಹತ್ತಾರು ಕಿಲೋಮೀಟರ್ ದೂರದವರೆಗೂ ಅದು ಮಳೆಗಿಂತ ಮುಂಚೆ ಓಡಿಬರುತ್ತದೆ. ನಮ್ಮ ತಲೆಯ ಮೇಲೆ ಬಿಸಿಲಿದೆ ಎನ್ನುವುದು ಲೆಕ್ಕಕ್ಕೇ ಬರುವುದಿಲ್ಲ.

ಮೋಡದ ಕೆಳಗೇ ಇದ್ದರೆ ಏನಾಗುತ್ತದೆ ಎನ್ನುವುದಕ್ಕೆ 2007ರ ಫೆಬ್ರುವರಿಯಲ್ಲಿ ಆಸ್ಟ್ರೇಲಿಯಾದ ಮನಿಲ್ಲಾದಲ್ಲಿ ನಡೆದದ್ದು ಸಾಕು. ವಿಶ್ವ ಚಾಂಪಿಯನ್‌ಷಿಪ್‌ಗೆ ತಯಾರಿ ನಡೆಸುತ್ತಿದ್ದ ಜರ್ಮನಿ ತಂಡದ ಎವಾ ವಿಸ್ನಿಯೆರ್ಸ್ಕಾ ಅವರನ್ನು ಗುಡುಗು ಮೋಡ ಒಳಗೆಳೆದುಕೊಂಡು 9,946 ಮೀಟರ್ ಎತ್ತರಕ್ಕೆ ಒಯ್ದಿತು. ಅವರು ಪ್ರಜ್ಞೆ ತಪ್ಪಿದರು, ಮೈಮೇಲೆ ಮಂಜುಗಡ್ಡೆ ಕಟ್ಟಿತ್ತು, ಆದರೂ ಬದುಕಿ ಬಂದರು. ಅದೇ ದಿನ ಅದೇ ಬಿರುಗಾಳಿಗೆ ಸಿಕ್ಕ ಚೀನಾದ ಪೈಲಟ್ ಹೆ ಝೋಂಗ್‌ಪಿನ್ ತೀರಿಕೊಂಡರು. ಇಬ್ಬರೂ ನಮಗಿಂತ ಎಷ್ಟೋ ಪಾಲು ನುರಿತವರು. ಗ್ಲೈಡರ್ ಕೆಳಗಿಳಿಯುವುದು ಸೆಕೆಂಡಿಗೆ ಒಂದು ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ದೊಡ್ಡ ಮೋಡ ಅದರ ಎಷ್ಟೋ ಪಟ್ಟು ವೇಗದಲ್ಲಿ ಮೇಲೆ ಎಳೆಯುತ್ತದೆ. ಬೇಗ ಕೆಳಗಿಳಿಯಲು ರೆಕ್ಕೆಯ ಎರಡೂ ತುದಿ ಮಡಚುವ ಬಿಗ್ ಇಯರ್ಸ್, ಸುತ್ತುತ್ತಾ ಇಳಿಯುವ ಸ್ಪೈರಲ್ ಎಲ್ಲ ಗೊತ್ತಿದ್ದರೂ ಅಲ್ಲಿ ಸಾಲುವುದಿಲ್ಲ.

ಶುಕ್ರವಾರ ಸಂಜೆ ನಾನು ವಿಂಡಿ ಆ್ಯಪ್‌ನಲ್ಲಿ ಬೇರೆ ಬೇರೆ ಹವಾಮಾನ ಮುನ್ಸೂಚನೆ ಮಾದರಿಗಳ ಗಾಳಿ ನೋಡುತ್ತೇನೆ. ನೆಲಮಟ್ಟದ್ದಷ್ಟೇ ಅಲ್ಲ, 1500 ಮತ್ತು 2000 ಮೀಟರ್‌ನದೂ. ಹಾಸನವೇ ಸಮುದ್ರಮಟ್ಟದಿಂದ ಸಾವಿರ ಮೀಟರ್‌ಗೆ ಹತ್ತಿರ ಇದೆ, ಅದನ್ನು ಮರೆತು ನೋಡಿದರೆ ಅಂಕಿಗಳಿಗೆ ಅರ್ಥವಿಲ್ಲ. ಮಾದರಿಗಳೆಲ್ಲ ಒಂದೇ ಹೇಳಿದರೆ ನಂಬಿಕೆ ಜಾಸ್ತಿ, ಒಂದೊಂದು ಒಂದೊಂದು ಹೇಳಿದರೆ ಆಗಲೇ ಗುಂಪಿನಲ್ಲಿ "ಬನ್ನಿ, ಆದರೆ ಹಾರುವ ಗ್ಯಾರಂಟಿ ಇಲ್ಲ" ಎಂದು ಹಾಕಿಬಿಡುತ್ತೇನೆ. ಬೆಳಿಗ್ಗೆ ಇಸ್ರೋದ ಉಪಗ್ರಹ ಚಿತ್ರ ನೋಡುತ್ತೇವೆ, ಗುಡ್ಡದ ಮೇಲೆ ದಾಮಿನಿ ಆ್ಯಪ್ ತೆರೆದಿಟ್ಟಿರುತ್ತೇವೆ, ಸಿಡಿಲು ಹತ್ತಿರ ಬಂದರೆ ಅದು ಎಚ್ಚರಿಸುತ್ತದೆ. ಆದರೆ ಗುಡುಗು ಕಿವಿಗೆ ಕೇಳಿಸಿತು ಎಂದರೆ ಆ್ಯಪ್ ಏನೇ ಹೇಳಲಿ, ಇಳಿಯುವುದೇ.

ಗುಡ್ಡದ ಕೆಳಗಿನ ಮನೆಯ ಗೌಡರು ಇವೆಲ್ಲಕ್ಕಿಂತ ಮೊದಲು. "ಏನ್ ಗೌಡ್ರೇ, ಇವತ್ತು ಹೆಂಗೆ?" ಎಂದು ಕೇಳಿದರೆ ಅವರು ಆಕಾಶ ನೋಡಿ, ದನ ನೋಡಿ, "ಮಧ್ಯಾಹ್ನದ ಮೇಲೆ ಬತ್ತದೆ ಕಣಪ್ಪ, ಬೇಗ ಮುಗಿಸ್ಕಳಿ" ಎಂದು ಹೇಳುತ್ತಾರೆ. ಭರಣಿ, ಕೃತ್ತಿಕೆ ಎಂದು ಮಳೆ ನಕ್ಷತ್ರ ಎಣಿಸಿ ಬಿತ್ತನೆ ಮಾಡುವವರು ಅವರು. ಗಾಳಿ ಎಷ್ಟು ಎಂದು ಹೇಳಲು ಬರುವುದಿಲ್ಲ, ಆದರೆ ಆ ಗುಡ್ಡದ ಮೇಲೆ ಮೋಡ ಯಾವ ಮೂಲೆಯಿಂದ ಬರುತ್ತದೆ ಎನ್ನುವುದು ಅವರಷ್ಟು ನನಗೆ ಗೊತ್ತಿಲ್ಲ.

ನಮ್ಮಲ್ಲಿರುವ ನಿಯಮ ಒಂದೇ. ಯಾರಾದರೂ ಒಬ್ಬರು ಬೇಡ ಅಂದರೆ ಯಾರೂ ಹಾರುವುದಿಲ್ಲ, ಯಾಕೆ ಎಂದು ಗುಡ್ಡದ ಮೇಲೆ ಕೇಳುವಂತಿಲ್ಲ. ಕೆಳಗೆ ಬಂದು ಕಾಫಿ ಕುಡಿಯುವಾಗ ಕೇಳಬಹುದು. ತಂಡದಲ್ಲಿ ಹೊಸಬರು ಇದ್ದರೆ ಅವರನ್ನೇ ಮೊದಲು ಕೇಳುತ್ತೇವೆ, ಯಾಕೆಂದರೆ ಹಳಬರು "ಪರವಾಗಿಲ್ಲ" ಎಂದಮೇಲೆ ಹೊಸಬರಿಗೆ ಬಾಯಿ ಬರುವುದಿಲ್ಲ. ಬೇಡ ಅಂದವರಿಂದ ಆಮೇಲೆ ಟೀ ಕೊಡಿಸಿಕೊಳ್ಳುವುದು, ರೇಗಿಸುವುದು, ಇವೂ ಇಲ್ಲ. ಚಿಕ್ಕ ವಿಷಯದಂತೆ ಕಾಣುತ್ತದೆ, ಆದರೆ ಒಂದು ಸಲ ರೇಗಿಸಿದರೆ ಮುಂದಿನ ಸಲ ಅವರು ಸುಮ್ಮನಿರುತ್ತಾರೆ.

ಇನ್ನು ಹಾರದ ದಿನ. ಗಾಳಿ ಹದವಾಗಿದ್ದು ಮೋಡದ ಭಯ ಮಾತ್ರ ದೂರದಲ್ಲಿದ್ದರೆ ಬಯಲಿಗೆ ಹೋಗಿ ಗ್ರೌಂಡ್ ಹ್ಯಾಂಡ್ಲಿಂಗ್ ಮಾಡುತ್ತೇವೆ. ನೆಲದ ಮೇಲೆ ನಿಂತೇ ಗ್ಲೈಡರನ್ನು ತಲೆಯ ಮೇಲೆ ಎತ್ತಿ ಹಿಡಿಯುವ ಅಭ್ಯಾಸ ಅದು. ಗಂಟೆಗಟ್ಟಲೆ ಮಾಡಿದಷ್ಟೂ ಕೈಗೆ ರೈಸರ್‌ಗಳ (ಗ್ಲೈಡರ್ ದಾರಗಳು ಬಂದು ಸೇರುವ ಪಟ್ಟಿಗಳು) ಹದ ಬರುತ್ತದೆ, ಜೋರು ಗಾಳಿಯಲ್ಲಿ ಟೇಕಾಫ್ ನಿಧಾನವಾಗಿ, ನೆಟ್ಟಗೆ ಆಗುತ್ತದೆ. ನನ್ನ ಪ್ರಕಾರ ನಮ್ಮ ಹಾರಾಟ ಸುಧಾರಿಸಿದ್ದು ಹಾರದ ದಿನಗಳಲ್ಲೇ ಜಾಸ್ತಿ. ಗಾಳಿಯೂ ಸರಿ ಇಲ್ಲದಿದ್ದರೆ ಬೆಳಿಗ್ಗೆಯೇ ಬೇರೆ ಪ್ಲಾನ್ ತಯಾರಿರುತ್ತದೆ: ದೊಡ್ಡಗದ್ದವಳ್ಳಿಯ ಲಕ್ಷ್ಮೀ ದೇವಸ್ಥಾನ ಮತ್ತು ಪಕ್ಕದ ಕೆರೆ, ಇಲ್ಲವೇ ಬೇಲೂರು, ಇಲ್ಲವೇ ಗೆಳತಿಯ ಮನೆಗೆ ಹೋಗಿ ಕಡುಬು. ಇದನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಬೇರೆ ಏನೂ ಗೊತ್ತಿಲ್ಲದೆ ಗುಡ್ಡದ ಮೇಲೆ ಸುಮ್ನೆ ಕೂತರೆ, ಮೂರು ಗಂಟೆಗೆ ಗಾಳಿ ಸ್ವಲ್ಪ ಇಳಿದಾಗ ಯಾರಿಗಾದರೂ "ಈಗ ಆಗಬಹುದೇನೋ" ಅನಿಸಿಬಿಡುತ್ತದೆ.

ಹಾರುವಾಗ ಹನಿ ಶುರುವಾದರೆ ಬ್ರೇಕ್ ಜಾಸ್ತಿ ಎಳೆಯದೆ, ಬಿಗ್ ಇಯರ್ಸ್ ಹಾಕದೆ, ನೇರವಾಗಿ ಹೋಗಿ ಇಳಿಯಿರಿ. ಒದ್ದೆಯಾದ ಗ್ಲೈಡರ್ ಮುಂದೆ ಹೋಗುವುದು ಬಿಟ್ಟು ಹಾಗೇ ಕೆಳಗೆ ಕುಸಿಯುವ ಸ್ಟಾಲ್‌ಗೆ ಬೇಗ ಬೀಳುತ್ತದೆ. ಮನೆಗೆ ಬಂದು ನೆರಳಿನಲ್ಲಿ ಹರಡಿ ಒಣಗಿಸಿ, ಬಿಸಿಲಿಗೆ ಹಾಕಬೇಡಿ, ಬಟ್ಟೆ ಹಾಳಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾವು ಗುಡ್ಡದ ಕಡೆ ಹೋಗುವುದಿಲ್ಲ. ಆಗ ದಾರಗಳ ಪರೀಕ್ಷೆ, ರಿಸರ್ವ್ ಪ್ಯಾರಾಶೂಟ್ ಬಿಚ್ಚಿ ಗಾಳಿಗೆ ಹಾಕಿ ತಿಳಿದವರಿಂದ ಮತ್ತೆ ಮಡಚಿಸುವ ಕೆಲಸ. ನಮ್ಮ ಥಂಡಿಗೆ ಅದನ್ನು ವರ್ಷಕ್ಕೊಂದು ಸಲವಾದರೂ ಮಾಡಿಸಲೇಬೇಕು, ಮಲೆನಾಡಿನವರು ಆರು ತಿಂಗಳಿಗೊಮ್ಮೆ ಮಾಡಿಸಿದರೆ ಇನ್ನೂ ಒಳ್ಳೆಯದು.