ಹಳೇ ಡೆಸ್ಕ್‌ಟಾಪಿಗೆ ಎರಡನೇ ಹಾರ್ಡ್ ಡಿಸ್ಕ್: ಕಾರವಾರದ ಉಪ್ಪುಗಾಳಿಯಲ್ಲಿ ನನ್ನ ಅನುಭವ

ಸ್ಟುಡಿಯೋದ ಹಳೇ ಡೆಸ್ಕ್‌ಟಾಪಿನ ಒಳಗೇ ಇನ್ನೊಂದು 4 ಟಿಬಿ ಡಿಸ್ಕ್ ಕೂರಿಸಿದ್ದೇನೆ. ಕಳೆದ ಮಳೆಗಾಲ ಪೂರ್ತಿ ಓಡಿದೆ, ಒಂದು ಫೈಲೂ ಹಾಳಾಗಿಲ್ಲ. ಇದು ಆಗುವ ಕೆಲಸವಲ್ಲ ಅಂದವರೇ ಜಾಸ್ತಿ. ಹುಬ್ಬಳ್ಳಿಯ ಸರ್ವಿಸ್‌ನವರು "290 ವ್ಯಾಟಿನ ಎಸ್‌ಎಂಪಿಎಸ್ ತಡೆಯೋದಿಲ್ಲ ಸರ್" ಅಂದರು. ಎಸ್‌ಎಂಪಿಎಸ್ ಅಂದರೆ ಮಷಿನ್‌ಗೆ ಕರೆಂಟ್ ಕೊಡುವ ಒಳಗಿನ ಪೆಟ್ಟಿಗೆ. ಕೋಡಿಬಾಗದ ಗೆಳೆಯ "ಎಕ್ಸ್‌ಟರ್ನಲ್ ತಗೊಂಡು ಸುಮ್ನಿರು ಮಾರಾಯ" ಅಂದ.

ಎಕ್ಸ್‌ಟರ್ನಲ್ ನೋಡಿಯಾಗಿತ್ತು. ಎರಡು ಕ್ಯಾಮೆರಾ ಇಟ್ಟರೆ ಒಂದು ಮದುವೆಗೇ 300 ಜಿಬಿ ಹತ್ತಿರ ಬರುತ್ತದೆ. ಆರು ಸಾವಿರ ಚಿಲ್ಲರೆ ಕೊಟ್ಟ ಎಕ್ಸ್‌ಟರ್ನಲ್‌ನ ಯುಎಸ್‌ಬಿ ಬಾಯಿಗೇ ಮೊದಲು ಉಪ್ಪು ಹಿಡಿಯಿತು. ಸ್ವಲ್ಪ ಅಲುಗಿದರೂ ಕಾಪಿ ಅರ್ಧಕ್ಕೆ ನಿಲ್ಲುತ್ತಿತ್ತು.

ಎಸ್‌ಎಂಪಿಎಸ್ ವಿಷಯದಲ್ಲಿ ಸುಮ್ನೆ ಹೆದರಿಸುತ್ತಾರೆ. 3.5 ಇಂಚಿನ ಡಿಸ್ಕ್ ತಿರುಗಲು ಶುರು ಮಾಡುವಾಗ 12 ವೋಲ್ಟಿನಲ್ಲಿ 2 ಆಂಪಿಯರ್ ಹತ್ತಿರ ಎಳೆಯುತ್ತದೆ, ಅದೂ ಕೆಲವೇ ಸೆಕೆಂಡು. ಆಮೇಲೆ ಏಳೆಂಟು ವ್ಯಾಟ್ ಅಷ್ಟೇ. ನನ್ನದರಲ್ಲಿ ಬೇರೆ ಪವರ್ ಕೇಬಲ್ ಕೇಳದ ಚಿಕ್ಕ ಗ್ರಾಫಿಕ್ಸ್ ಕಾರ್ಡ್ ಇರುವುದು. 290 ಧಾರಾಳ ಸಾಕು.

ನಿಜವಾದ ತಾಪತ್ರಯ ಬಂದದ್ದು ನೂರಿಪ್ಪತ್ತು ರೂಪಾಯಿಯ ಸ್ಪ್ಲಿಟರ್‌ನಿಂದ, ಅಂದರೆ ಒಂದು ಪವರ್ ಕೇಬಲನ್ನು ಎರಡಾಗಿ ಕವಲು ಮಾಡುವ ತಂತಿಯಿಂದ. ಅಂಗಡಿಯವನು ಕೊಟ್ಟದ್ದು ಪ್ಲಾಸ್ಟಿಕ್ ಎರಕ ಹೊಯ್ದ ಕನೆಕ್ಟರಿನದು. ಒಳಗೆ ತಂತಿಗಳು ಒಂದಕ್ಕೊಂದು ಎಷ್ಟು ಹತ್ತಿರ ಇವೆ ಅಂತ ಹೊರಗಿನಿಂದ ಕಾಣುವುದೇ ಇಲ್ಲ. ದೊಡ್ಡ ಫೋಲ್ಡರ್ ಕಾಪಿಗೆ ಹಾಕಿದ್ದೆ, ಡಿಸ್ಕ್ 'ಟಕ್' ಅಂತು, ವಿಂಡೋಸ್‌ನಿಂದ ಮಾಯ. ಮುಟ್ಟಿ ನೋಡಿದರೆ ಕನೆಕ್ಟರ್ ಬಿಸಿ, ಹಳದಿ ತಂತಿಯ ಬುಡದಲ್ಲಿ ಕಂದು ಕಲೆ. ಕತ್ತರಿಸಿ ಎಸೆದೆ.

ಸ್ಪ್ಲಿಟರ್ ಗೊಡವೆಯೇ ಬೇಡ ಅಂತ ಡಿವಿಡಿ ಡ್ರೈವ್ ಕಳಚಿದೆ. ಅದರ ಪವರ್ ಕೇಬಲ್, ಬೋರ್ಡಿನಲ್ಲಿ ಅದರ ಡೇಟಾ ಕೇಬಲ್ ಚುಚ್ಚುವ ಸಾಟಾ ಪೋರ್ಟ್ ಎರಡೂ ಹೊಸ ಡಿಸ್ಕಿಗೆ. ಡಿವಿಡಿ ಜಾಗಕ್ಕೆ ಡಿಸ್ಕ್ ಕೂರಿಸುವ ಬ್ರಾಕೆಟ್‌ಗೆ ಇನ್ನೂರು ಆಸುಪಾಸು. ಸ್ಕ್ರೂ ಕೆಳಗೆ ಸೈಕಲ್ ಟ್ಯೂಬಿನ ಚೂರು ಕೊಟ್ಟೆ, ಗುಂಯ್ ಸದ್ದು ನಿಂತಿತು.

ಆದರೂ ಆಗಾಗ ತಡೆದು ತಡೆದು ಕಾಪಿ ಆಗುತ್ತಿತ್ತು. ಸರ್ವಿಸ್‌ನವರು ಡಿಸ್ಕೇ ಹೋಗಿದೆ ಅಂತ ತೀರ್ಪು ಕೊಟ್ಟರು. ನಾನು ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ಸಾಫ್ಟ್‌ವೇರ್ ತೆರೆದು ನೋಡಿದೆ. ಡಿಸ್ಕಿನ ಕೆಟ್ಟ ಜಾಗಗಳನ್ನು ಎಣಿಸುವ 05, ಸಿ5 ಎರಡೂ ಸೊನ್ನೆ, ಡೇಟಾ ಸಾಗುವಾಗಿನ ತಪ್ಪು ಎಣಿಸುವ ಸಿ7 ಮಾತ್ರ ಏರುತ್ತಿದೆ. ಸಿ7 ಏರಿದರೆ ಮೊದಲು ಅನುಮಾನ ಪಡಬೇಕಾದ್ದು ಕೇಬಲ್ ಮೇಲೆ, ಡಿಸ್ಕಿನ ಮೇಲಲ್ಲ. ಲಾಕ್ ಇರುವ ಎಂಬತ್ತು ರೂಪಾಯಿಯ ಸಾಟಾ ಕೇಬಲ್ ಹಾಕಿದೆ. ಆ ಅಂಕಿ ಅವತ್ತು ನಿಂತದ್ದು ಇವತ್ತಿಗೂ ಅಲ್ಲೇ ಇದೆ. ಅವರ ಮಾತು ಕೇಳಿದ್ದರೆ ಒಂಬತ್ತು ಸಾವಿರದ ಡಿಸ್ಕ್ ಗುಜರಿಗೆ ಹೋಗುತ್ತಿತ್ತು, ಅಲ್ವಾ?

ಇನ್ನೊಂದು. ಡಿಸ್ಕಿನಲ್ಲಿ 2 ಟಿಬಿ ಮಾತ್ರ ಬಳಸಲು ಸಿಗುತ್ತಿತ್ತು. ಅಂಗಡಿಯಲ್ಲೇ ಎಂಬಿಆರ್ ಮಾಡಿ ಕೊಟ್ಟಿದ್ದರು, ಅದು ಡಿಸ್ಕ್ ವಿಂಗಡಿಸುವ ಹಳೇ ಪದ್ಧತಿ, 2 ಟಿಬಿ ದಾಟುವುದಿಲ್ಲ. ಖಾಲಿ ಇದ್ದಾಗಲೇ ಹೊಸ ಪದ್ಧತಿಯಾದ ಜಿಪಿಟಿ ಮಾಡಿದೆ, 3.63 ಬಂತು. 4 ಟಿಬಿಗೆ ವಿಂಡೋಸ್ ತೋರಿಸುವುದೇ ಅಷ್ಟು. ಎಂ.2 ಎಸ್‌ಎಸ್‌ಡಿ (ಬೋರ್ಡಿಗೇ ನೇರ ಕೂರುವ ಪಟ್ಟಿಯಂಥ ಡಿಸ್ಕ್) ಇರುವವರು ಮದರ್‌ಬೋರ್ಡಿನ ಪುಸ್ತಕ ನೋಡಿಕೊಳ್ಳಿ, ಕೆಲವು ಬೋರ್ಡುಗಳಲ್ಲಿ ಅದು ಕೂತರೆ ಒಂದು ಸಾಟಾ ಪೋರ್ಟ್ ಬಂದ್ ಆಗುತ್ತದೆ.

ತೇವದ ಮೇಲೆ ನನ್ನದೇ ಪ್ರಯೋಗ ನಡೆಸಿದೆ. ಮೊದಲು ಸಿಲಿಕಾ ಜೆಲ್ ಪೊಟ್ಟಣ ಇಟ್ಟೆ. ಫ್ಯಾನ್ ಹೊರಗಿನ ಗಾಳಿ ಎಳೆಯುತ್ತಲೇ ಇರುವಾಗ ಅದು ಎಷ್ಟಂತ ಕುಡಿಯುತ್ತದೆ? ನಾಲ್ಕೈದು ದಿನಕ್ಕೆ ಮುಗಿಯಿತು. ಆಮೇಲೆ ಇನ್ನೂರೈವತ್ತರ ಡಿಜಿಟಲ್ ತೇವಮಾಪಕ ತಂದು ಕ್ಯಾಬಿನೆಟ್ ಒಳಗೆ ಅಂಟಿಸಿದೆ. ಜುಲೈನಲ್ಲಿ ಮಷಿನ್ ಆಫ್ ಇದ್ದರೆ ತೇವ ಶೇಕಡಾ 90ರ ಹತ್ತಿರ. ಒಂದೆರಡು ತಾಸು ಓಡಿದ ಮೇಲೆ 60ರ ಆಸುಪಾಸು. ಲೆನ್ಸ್ ಕಪಾಟಿನಲ್ಲಿ ನಾವು ಬಲ್ಬ್ ಉರಿಸುವುದೂ ಇದೇ ಲೆಕ್ಕ: ಗಾಳಿ ಬೆಚ್ಚಗಾದರೆ ತೇವ ಇಳಿಯುತ್ತದೆ. ಹಾಗಾಗಿ ಮಳೆಗಾಲದಲ್ಲಿ ಕೆಲಸ ಇರಲಿ ಬಿಡಲಿ, ದಿನಾ ಮಷಿನ್ ಆನ್ ಮಾಡುತ್ತೇನೆ. ಡಿಸ್ಕಿನ ಮೇಲಿನ ಉಸಿರಾಟದ ತೂತು (ಒಳಗಿನ ಹೊರಗಿನ ಗಾಳಿಯ ಒತ್ತಡ ಸಮ ಮಾಡುವುದು) ಮಾತ್ರ ಟೇಪ್ ಹಾಕಿ ಮುಚ್ಚಬೇಡಿ.

ಕನೆಕ್ಟರ್‌ಗೆ ಉಪ್ಪು ಹಿಡಿಯದ ಹಾಗೆ ನಾನು ಒಂದು ವಸ್ತು ಹಚ್ಚುತ್ತೇನೆ. ಏನು ಅಂತ ಇಲ್ಲಿ ಹೇಳುವುದಿಲ್ಲ. ಬೈತಕೋಲ್ ಕಡೆಯಿಂದಲೂ ಈಗ ಇದೇ ಕೆಲಸಕ್ಕೆ ಮಷಿನ್ ತರುತ್ತಾರೆ, ನನ್ನ ನಾಲ್ಕು ಕಾಸು ಅದರಲ್ಲೇ ಇದೆ.

ಒಟ್ಟು ಖರ್ಚು ಹತ್ತು ಸಾವಿರದ ಒಳಗೆ. ಮದುವೆ ಡಿವಿಡಿ ಕೇಳುವವರು ಇನ್ನೂ ಇದ್ದಾರೆ, ಕಳಚಿದ ಡ್ರೈವ್ ಅವರಿಗಾಗಿ ಬೇರೆ ಅಡಾಪ್ಟರ್ ಮೇಲೆ ಓಡುತ್ತಿದೆ.